ಪಾಳುಮನೆಗಳು ಮತ್ತು ಮಣಿಪಾಲದ ಹಸ್ತಶಿಲ್ಪ

ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯು ಉಳುವವನಿಗೇ ನೆಲದ ಒಡೆತನ ನೀಡಿದಾಗ, ಗೇಣಿಯನ್ನು, ಅಂದರೆ ಒಕ್ಕಲುಗಳು ಸಲ್ಲಿಸುತ್ತಿದ್ದ ಬೆಳೆಯ ಪಾಲನ್ನು, ನೆಚ್ಚಿದ್ದ ಕರಾವಳಿಯ ದೊಡ್ಡ ಮನೆತನಗಳ ಆದಾಯ ಕುಗ್ಗಿತು. ಕೂಡುಕುಟುಂಬಗಳು ಪಾಲಾಗಿ ಮಕ್ಕಳು ಮುಂಬಯಿ, ಬೆಂಗಳೂರುಗಳಿಗೆ ಹೊರಟುದರಿಂದ, ನಡುವೆ ತೆರೆದ ಅಂಗಳವಿಟ್ಟು ಸುತ್ತಲೂ ಜಗಲಿ, ಕೋಣೆಗಳನ್ನು ಕಟ್ಟಿದ ಚೌಕಿಮನೆಗಳು ಬರಿದಾಗುತ್ತ, ಅವುಗಳ ಕೆತ್ತನೆಯ ಕಂಬ, ಬಾಗಿಲುಗಳು ಮರದ ವ್ಯಾಪಾರಿಗಳ ಕೈಸೇರತೊಡಗಿದವು.

ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (1934–2017) ಇಂಥ ಮನೆಗಳನ್ನು ಪಡೆದು, ಬಿಡಿಬಿಡಿಯಾಗಿ ಬಿಚ್ಚಿಸಿ, ಮಣಿಪಾಲಕ್ಕೆ ಸಾಗಿಸಿ, ಕುಶಲಕರ್ಮಿಗಳಿಂದ ಮತ್ತೆ ಜೋಡಿಸಿದರು; ಕುಂಜೂರು ಚೌಕಿಮನೆ, ಮಿಯಾರು ಮನೆ, ಕುಕನೂರಿನ ಕಮಲಮಹಲ್ ಮುಂತಾದವು ಅವರು ಅಲ್ಲಿ ರೂಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹೀಗೆ ನೆಲೆ ಕಂಡವು.

ಪಾಳುಮನೆಗಳಿಗೆ ಬೇರೊಂದು ಬಗೆಯಲ್ಲಿ ಮರುಜೀವ ಕೊಟ್ಟ ಉದಾಹರಣೆಯೂ ಇದೆ: ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1986ರಲ್ಲಿ ಕಲಾವಿದ ಟೈರೀ ಗೈಟನ್, ಅಜ್ಜ ಸ್ಯಾಮ್ ಮ್ಯಾಕಿ ಮತ್ತು ನೆರೆಯ ಮಕ್ಕಳ ನೆರವಿನಿಂದ, ಹೈಡೆಲ್‌ಬರ್ಗ್ ಬೀದಿಯ ಪಾಳುಮನೆಗಳಿಗೆ ಬಣ್ಣ ಬಳಿದು, ಬಿಸಾಡಿದ ಗೊಂಬೆ, ಪಾದರಕ್ಷೆಗಳನ್ನು ತೂಗಿಸಿ, ಬೀದಿಯನ್ನೇ ಪ್ರತಿಷ್ಠಾಪನಾ ಕಲೆಯಾಗಿಸಿದರು, ಎಂದರೆ ಪ್ರೇಕ್ಷಕರು ಒಳಹೊಕ್ಕು ಸುತ್ತಾಡಬಲ್ಲ ಕೃತಿಯಾಗಿ ಮಾರ್ಪಡಿಸಿದರು. ಅಲ್ಲಿ ನೆರೆಹೊರೆಯ ನಂಟು ಉಳಿದು ಮನೆಯ ಮೂಲರೂಪ ಮರೆಯಾಯಿತು. ಮಣಿಪಾಲದಲ್ಲಿ ಬಡಗಿಯ ಕೌಶಲ ಉಳಿಯಿತಾದರೂ, ಹುಟ್ಟಿದೂರಿನ ಗದ್ದೆ, ಬಾವಿ, ನಾಗಬನಗಳೊಡನೆ (ನಾಗಾರಾಧನೆಯ ತೋಪುಗಳೊಡನೆ) ಆ ಮನೆಗಳಿಗಿದ್ದ ಸಂಬಂಧ ಕಡಿಯಿತು.