ಒಕ್ಕದ ಹಾಕಿಗೆ ಒಡೆಯರು ಯಾರು?

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಹಾಕಿಯದೇ ಮಾತು. ಬೆಂಗಳೂರು, ಮೈಸೂರು ಸೇರಿದವರು ರಜೆ ಹೊಂದಿಸಿಕೊಂಡು ಊರಿಗೆ ಬರುತ್ತಾರೆ. ಅಟ್ಟದಲ್ಲಿದ್ದ ಹಳೆಯ ಸ್ಟಿಕ್ಕುಗಳು ಕೆಳಗಿಳಿಯುತ್ತವೆ. ಮೈದಾನದ ಧ್ವನಿವರ್ಧಕದಲ್ಲಿ ಕೇಳುವುದೆಲ್ಲ ಮನೆತನಗಳ ಹೆಸರು: ಪಳಂಗಂಡ, ಕೂತಂಡ, ನೆಲ್ಲಮಕ್ಕಡ, ಅಂಜಪರವಂಡ. ವೀಕ್ಷಕ ವಿವರಣೆ ಕೊಡವ ತಕ್ಕ್‌ನಲ್ಲಿ ನಡೆಯುತ್ತದೆ. ಹದಿಹರೆಯದ ಹುಡುಗ ಮುಂದೆ ಓಡುತ್ತಿದ್ದರೆ ಅವನಿಗೆ ಚೆಂಡು ಕೊಡುವವನು ಅರವತ್ತು ದಾಟಿದ ದೊಡ್ಡಪ್ಪ. ಅದೇ ತಂಡದಲ್ಲಿ ಚಿಕ್ಕಪ್ಪನ ಮಗಳೂ ಆಡುತ್ತಿರುತ್ತಾಳೆ. ಗ್ಯಾಲರಿಯಲ್ಲಿ ಕುಳಿತು ಬಯ್ಯುವವರೂ ಆ ಮನೆಯವರೇ, ಖರ್ಚಿಗೆ ದುಡ್ಡು ಹಾಕಿದವರೂ ಆ ಮನೆಯವರೇ.

ಅಭಿಮಾನಿಗಳೇ ಒಡೆಯರಾಗಿರುವ ಕ್ಲಬ್ಬುಗಳನ್ನು ಹುಡುಕಿಕೊಂಡು ಜನ ಯುರೋಪಿನ ಕಡೆ ನೋಡುತ್ತಾರೆ. ಆದರೆ ಆಡುವವರು, ನೋಡುವವರು, ನಡೆಸುವವರು ಮೂವರೂ ಒಂದೇ ಆಗಿರುವ ಪಂದ್ಯಾವಳಿ ನಮ್ಮ ಕೊಡಗಿನಲ್ಲೇ 1997ರಿಂದ ಇದೆ.

ಆ ವರ್ಷ ಕರಡ ಗ್ರಾಮದಲ್ಲಿ ಪಾಂಡಂಡ ಒಕ್ಕ, ಅಂದರೆ ಪಾಂಡಂಡ ಮನೆತನ, ಮೊದಲ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆಸಿತು. ಇದರ ಹಿಂದೆ ಇದ್ದವರು ಪಾಂಡಂಡ ಕುಟ್ಟಪ್ಪ. ಎಲ್ಲರ ಬಾಯಲ್ಲಿ ಅವರು ಕುಟ್ಟಣಿ. ಒಕ್ಕಗಳು ಚದುರುತ್ತಿವೆ, ಅಣ್ಣತಮ್ಮಂದಿರ ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದಂತಾಗಿದೆ ಎಂಬುದು ಅವರನ್ನು ಕಾಡುತ್ತಿತ್ತು. ಮದುವೆಗೆ ಬಂದವರು ಊಟ ಮಾಡಿ ಹೊರಟುಬಿಡುತ್ತಾರೆ. ಪುತ್ತರಿ ಹಬ್ಬಕ್ಕೆ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬರಲು ಎಲ್ಲರಿಗೂ ಆಗುವುದಿಲ್ಲ. ಒಂದು ತಂಡ ಕಟ್ಟಬೇಕೆಂದರೆ ಮಾತ್ರ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲೇಬೇಕು. ಮೊದಲ ವರ್ಷ ಸೇರಿದ್ದು 60 ಒಕ್ಕಗಳು. ಮರುವರ್ಷ ಕಡಂಗದಲ್ಲಿ ಕೋಡಿರ ಒಕ್ಕ ನಡೆಸಿದಾಗ ತಂಡಗಳ ಸಂಖ್ಯೆ ನೂರು ದಾಟಿತು.

ಹಾಕಿಯನ್ನೇ ಆರಿಸಿದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ. ಸೈನ್ಯಕ್ಕೆ ಸೇರುವುದು ಮನೆತನದ ರೂಢಿಯಾಗಿದ್ದ ನಾಡಿನಲ್ಲಿ ರಜೆಗೆ ಬಂದ ಸೈನಿಕರ ಜೊತೆ ಈ ಆಟವೂ ಬಂದು, ಶಾಲೆಯ ಬಯಲುಗಳಲ್ಲಿ ಬೇರು ಬಿಟ್ಟಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಆಡಿದರು, ಮುಂದೆ 1988ರ ಸಿಯೋಲ್‌ನಲ್ಲಿ ಅವರೇ ನಾಯಕ. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ನಂತರದ ತಲೆಮಾರಿನ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಎಲ್ಲರೂ ಈ ಪುಟ್ಟ ಜಿಲ್ಲೆಯವರು. ದೇಶಕ್ಕೆ ಆಡಿದ ಕೊಡವ ಆಟಗಾರ ಒಕ್ಕದ ಜರ್ಸಿ ತೊಟ್ಟು ಬಂದರೆ ಅವನಿಗೆ ಎದುರಾಗುವುದು ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಬೆಳೆಗಾರ. ಈ ಸಮಾನತೆಯೇ ಉತ್ಸವದ ಜೀವ.

ಪಂದ್ಯಾವಳಿಗೆ ಸ್ಥಿರವಾದ ಒಡೆಯರಿಲ್ಲ. ಒಂದೊಂದು ವರ್ಷ ಒಂದೊಂದು ಒಕ್ಕ ಅದನ್ನು ಹೊರುತ್ತದೆ. ಆ ವರ್ಷದ ಕಪ್ಪಿಗೆ ಆ ಒಕ್ಕದ ಹೆಸರು: ಪಾಂಡಂಡ ಕಪ್, ಕೋಡಿರ ಕಪ್, ಕಳೆದ ದಶಕದಲ್ಲಿ ಬಿದ್ದಾಟಂಡ ಕಪ್, ಕುಲ್ಲೇಟಿರ ಕಪ್. ನಿಯಮ, ತೀರ್ಪುಗಾರರು, ತಾಂತ್ರಿಕ ವಿಚಾರಗಳಿಗೆ ಕೊಡವ ಹಾಕಿ ಅಕಾಡೆಮಿ ಇದೆ. ಮೈದಾನ, ಗ್ಯಾಲರಿ, ಊಟೋಪಚಾರ, ಬಹುಮಾನ ಎಲ್ಲ ಆತಿಥೇಯ ಒಕ್ಕದ ಹೆಗಲಿಗೆ. ತಮ್ಮ ಸರದಿಗಾಗಿ ಒಕ್ಕಗಳು ಮೊದಲೇ ಹೆಸರು ಕೊಟ್ಟು ಕಾಯುತ್ತವೆ. ಸರದಿ ಬಂದಾಗ ಐನ್‌ಮನೆಯಲ್ಲಿ ಸಭೆ ಸೇರುತ್ತಾರೆ. ಒಕ್ಕದ ಹಿರಿಯರಾದ ಪಟ್ಟೇದಾರ ಕುಳಿತಿರುತ್ತಾರೆ, ಯಾರು ಎಷ್ಟು ಕೊಡುವುದು, ಯಾವ ಸಮಿತಿಗೆ ಯಾರು ಎಂಬ ಪಟ್ಟಿ ಬೆಳೆಯುತ್ತದೆ. ಸರ್ಕಾರಿ ನೌಕರಿಯಲ್ಲಿದ್ದವನಿಗೆ ಕಡತದ ಕೆಲಸ, ತೋಟವಿದ್ದವನಿಗೆ ಮರಮಟ್ಟು ಹೊಂದಿಸುವ ಕೆಲಸ. ಉದ್ಘಾಟನೆಯ ದಿನ ಕುಪ್ಯಚೇಲೆ ತೊಟ್ಟು, ವಾಲಗದ ಜೊತೆ ಮೈದಾನಕ್ಕೆ ನಡೆದು, ಆಕಾಶಕ್ಕೆ ಗುಂಡು ಹಾರಿಸಿ ಆಟ ಶುರು ಮಾಡುತ್ತಾರೆ. ಸುಮಾರು ಒಂದು ತಿಂಗಳ ನಂತರ ಫೈನಲ್ ಮುಗಿದಾಗ ಹೊಣೆ ಮುಂದಿನ ಒಕ್ಕದ ಕೈ ಸೇರುತ್ತದೆ.

ಹೀಗೆ ಕೈಬದಲಾಗುವ ವಸ್ತುವನ್ನು ಕೊಳ್ಳಲು ಬರುವವನು ಯಾರ ಬಳಿ ಮಾತಾಡಬೇಕು?

ಕೊಡಗಿಗೆ ಇದು ಹೊಸ ಪಾಠವೇನಲ್ಲ. ಅರಸರ ಕಾಲದಿಂದ ಬಂದ ಜಮ್ಮಾ ಹಿಡುವಳಿ ಇದೇ ಜಾತಿಯದು. ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ಸಿಕ್ಕ ಆ ಭೂಮಿ ಒಬ್ಬನದಲ್ಲ, ಒಕ್ಕದ್ದು. ದಾಖಲೆಯಲ್ಲಿ ಪಟ್ಟೇದಾರನ ಹೆಸರಿದ್ದರೂ ಅವನು ಮಾರುವಂತಿರಲಿಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಾಗಲೂ ಜಮ್ಮಾ ಉಳಿಯಿತು. ಅರಸು ಹೋದ, ಒಕ್ಕದ ಗದ್ದೆ ಹೋಗಲಿಲ್ಲ. ಹಾಗೆಂದು ಅದರ ತೊಡಕುಗಳನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲರ ಹೆಸರಿನಲ್ಲಿರುವ ಜಮೀನಿನ ಮೇಲೆ ಸಾಲ ಪಡೆಯುವುದು ಕಷ್ಟ, ಪಾಲು ಮಾಡಿಕೊಳ್ಳುವುದು ಇನ್ನೂ ಕಷ್ಟ. ಇಂದಿಗೂ ತಾಲ್ಲೂಕು ಕಚೇರಿಗಳಲ್ಲಿ ಜಮ್ಮಾ ಕಡತ ಹಿಡಿದು ಓಡಾಡುವವರಿದ್ದಾರೆ. ಯಾರೂ ಕೊಳ್ಳಲಾಗದ್ದು ಉಳಿಯುತ್ತದೆ. ಅದಕ್ಕೆ ಬಂಡವಾಳ ಹುಟ್ಟಿಸುವುದು ಮಾತ್ರ ಸುಲಭವಲ್ಲ.

ಹಾಕಿ ಉತ್ಸವಕ್ಕೂ ಈಗ ಅದೇ ಕಷ್ಟ ಬಂದಿದೆ. 2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್ಪಿಗೆ 334 ತಂಡಗಳು ಬಂದವು. ಆ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದು ಊರೂರುಗಳೇ ಮಣ್ಣಿನಡಿ ಹೋದವು. 2019ರಲ್ಲಿ ಉತ್ಸವ ನಡೆಯಲಿಲ್ಲ. ಆಮೇಲೆ ಕೋವಿಡ್. ನಾಲ್ಕು ವರ್ಷ ಮೈದಾನ ಖಾಲಿ. ಈ ನಡುವೆ 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಇಲ್ಲಿಗೆ ಇದು ಮುಗಿಯಿತು ಎಂದುಕೊಂಡವರಿದ್ದರು. 2023ರಲ್ಲಿ ನಾಪೋಕ್ಲುವಿನಲ್ಲೇ ಅಪ್ಪಚೆಟ್ಟೋಳಂಡ ಒಕ್ಕ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಹೆಸರು ನೋಂದಾಯಿಸಿದವು, ಗಿನ್ನೆಸ್ ದಾಖಲೆಯೂ ಬಂತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕ ನಡೆಸಿದ ಇಪ್ಪತ್ತೈದನೇ ಉತ್ಸವಕ್ಕೆ 396.

ಅಷ್ಟು ತಂಡಗಳಿಗೆ ಒಂದು ತಿಂಗಳು ಮೈದಾನ ಒದಗಿಸುವುದು ಒಂದು ಮನೆತನದ ಶಕ್ತಿ ಮೀರಿದ ಮಾತು. ಖರ್ಚು ಕೋಟಿಯ ಲೆಕ್ಕಕ್ಕೆ ಹೋಗಿದೆ. ಸರ್ಕಾರದ ಅನುದಾನ ಬೇಕಾಗುತ್ತದೆ, ಜಾಹೀರಾತುದಾರರು ಬೇಕಾಗುತ್ತಾರೆ. ಅನುದಾನ ತಡವಾದರೆ ಆತಿಥೇಯರಿಗೆ ನಿದ್ದೆಯಿಲ್ಲ. ಚಿಕ್ಕ ಒಕ್ಕವೊಂದು ತನ್ನ ಸರದಿ ಬಂದಾಗ ಹಿಂದೆ ಸರಿಯಬೇಕಾಗುತ್ತದೋ ಎಂಬ ಆತಂಕ ನಿಜವಾದದ್ದು. ಸಾಲದ್ದಕ್ಕೆ ಒಂದು ದೊಡ್ಡ ಕಂಪನಿ ಬಂದು, ಮೈದಾನ, ಬಹುಮಾನ, ನೇರಪ್ರಸಾರ ಎಲ್ಲ ನಮ್ಮದು, ಹೆಸರಿನ ಜೊತೆ ನಮ್ಮ ಹೆಸರೂ ಇರಲಿ ಎಂದರೆ? ಅಂಥ ದಿನ ಬರಬಹುದು. ಬಂದಾಗ ಏನಾಗುತ್ತದೆ ಎಂದು ತಿಳಿಯಲು ಕೋಲ್ಕತ್ತಕ್ಕೆ ಹೋಗಬೇಕು.

ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ. ಎರಡೂ ಆ ಊರಿನ ಫುಟ್‌ಬಾಲ್ ಕ್ಲಬ್ಬುಗಳು, ಸದಸ್ಯರದೇ ಆದವು. ಈಸ್ಟ್ ಬೆಂಗಾಲ್‌ಗೆ 2018ರಲ್ಲಿ ಬೆಂಗಳೂರಿನ ಕ್ವೆಸ್ ಕಂಪನಿ ಹಣ ಹಾಕಿ ಎರಡು ವರ್ಷದಲ್ಲಿ ಹೊರಬಂತು. 2020ರಲ್ಲಿ ಶ್ರೀ ಸಿಮೆಂಟ್ ಬಂದಿತು. ಅಂತಿಮ ಒಪ್ಪಂದಕ್ಕೆ ಸಹಿ ಹಾಕಿದರೆ ಕ್ಲಬ್ಬಿನ ಹಕ್ಕೆಲ್ಲ ಕೈತಪ್ಪುತ್ತದೆ ಎಂದು ಆಡಳಿತ ಮಂಡಳಿ ನಿರಾಕರಿಸಿತು. ಸಹಿ ಹಾಕದಿದ್ದರೆ ತಂಡವೇ ಇರುವುದಿಲ್ಲ ಎಂದು ಅಭಿಮಾನಿಗಳ ಒಂದು ಗುಂಪು ವಾದಿಸಿತು. 2021ರ ಜುಲೈನಲ್ಲಿ ಕ್ಲಬ್ಬಿನ ಗೇಟಿನ ಮುಂದೆ ಅಭಿಮಾನಿಗಳ ಎರಡು ಬಣಗಳು ಎದುರುಬದುರಾದವು, ಪೊಲೀಸರು ಲಾಠಿ ಬೀಸಿದರು. ಮೋಹನ್ ಬಾಗಾನ್‌ನ ಕಥೆ ಬೇರೆ. 2020ರ ಜನವರಿಯಲ್ಲಿ ಅದರ ಫುಟ್‌ಬಾಲ್ ಕಂಪನಿಯ ಶೇ 80ರಷ್ಟು ಪಾಲನ್ನು ಆರ್‌ಪಿ ಸಂಜೀವ್ ಗೋಯೆಂಕಾ ಸಮೂಹ ತೆಗೆದುಕೊಂಡು, ಹೆಸರಿನ ಮುಂದೆ ತನ್ನ ಹಳೆಯ ತಂಡದ ಹೆಸರಾದ ಎಟಿಕೆ ಸೇರಿಸಿತು. ತಂಡ ಗೆಲ್ಲುತ್ತಿದ್ದರೂ ಆ ಮೂರಕ್ಷರ ತೆಗೆಯಿರಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಕೂಗಿದರು. 2023ರಲ್ಲಿ ಅದು ಹೋಯಿತು. ಅದರ ಜಾಗಕ್ಕೆ ಬಂದದ್ದು ಸೂಪರ್ ಜೈಂಟ್.

ಒಪ್ಪಂದಕ್ಕೆ ಮೊದಲೇ ಅಭಿಮಾನಿಗಳ ಕೈಯಲ್ಲಿ ಮತ ಇದ್ದರೆ ಮಾತು ಬೇರೆಯಾಗುತ್ತದೆ. ವೇಲ್ಸ್‌ನ ರೆಕ್ಸಮ್ ಕ್ಲಬ್ಬನ್ನು 2011ರಿಂದ ಅಭಿಮಾನಿಗಳ ಟ್ರಸ್ಟ್ ನಡೆಸುತ್ತಿತ್ತು. 2020ರಲ್ಲಿ ಇಬ್ಬರು ನಟರು, ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮೆಕೆಲೆನಿ, ಕೊಳ್ಳಲು ಬಂದರು. ಅವರು ಮೊದಲು ಸದಸ್ಯರ ಮುಂದೆ ಬಂದು ಉತ್ತರ ಕೊಡಬೇಕಾಯಿತು. ಊರು ಬಿಡುವುದಿಲ್ಲ, ಹೆಸರು ಬದಲಿಸುವುದಿಲ್ಲ, ಬಣ್ಣ ಬದಲಿಸುವುದಿಲ್ಲ ಎಂದು ಮಾತು ಕೊಟ್ಟರು. ಶೇ 98ಕ್ಕೂ ಹೆಚ್ಚು ಮಂದಿ ಒಪ್ಪಿದರು. ತಂಡ 2023, 2024, 2025 ಮೂರೂ ವರ್ಷ ಮೇಲಿನ ದರ್ಜೆಗೆ ಏರಿತು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ 2013ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ದಿವಾಳಿಯಾಗಿದ್ದ ಕ್ಲಬ್ಬನ್ನು ಉಳಿಸಿಕೊಂಡರು. ನಾಲ್ಕೇ ವರ್ಷದಲ್ಲಿ ಮೈದಾನದ ದುರಸ್ತಿಗೆ ಹಣವಿಲ್ಲದೆ, ಮತ ಹಾಕಿ, ಅಮೆರಿಕದ ಉದ್ಯಮಿ ಮೈಕೆಲ್ ಐಸ್ನರ್‌ಗೆ ಮಾರಿದರು. ಅವರು ಮಾಡಿದ್ದನ್ನು ಸೋಲು ಎನ್ನಲಾಗದು. ಕಣ್ಣು ತೆರೆದು, ಲೆಕ್ಕ ಮುಂದಿಟ್ಟುಕೊಂಡು ತೀರ್ಮಾನಿಸಿದರು.

ಒಕ್ಕದ ಹಾಕಿ ಕ್ಲಬ್ ಅಲ್ಲ, ಅದಕ್ಕೆ ಷೇರುಗಳಿಲ್ಲ. ಆದರೂ ಅದನ್ನು ಕೈವಶ ಮಾಡಿಕೊಳ್ಳಲಾಗದು ಎಂದು ಸುಮ್ಮನಿರುವಂತಿಲ್ಲ. ಕಪ್ಪಿನ ಹೆಸರಿನ ಪಕ್ಕ ಮೊದಲು ಒಂದು ಬ್ರಾಂಡ್ ಬರುತ್ತದೆ. ನೇರಪ್ರಸಾರದ ಅನುಕೂಲಕ್ಕೆಂದು ದುರ್ಬಲ ತಂಡಗಳನ್ನು ಕೈಬಿಡೋಣ, 396 ಯಾಕೆ, 64 ಸಾಕು ಎಂಬ ಸಲಹೆ ಬರುತ್ತದೆ. ಅಲ್ಲಿಗೆ ಅರವತ್ತು ದಾಟಿದ ದೊಡ್ಡಪ್ಪನಿಗೆ ಜಾಗವಿಲ್ಲ, ಒಂಬತ್ತು ಗೋಲು ತಿಂದು ನಗುತ್ತ ಹೊರಬರುವ ಒಕ್ಕಕ್ಕೂ ಜಾಗವಿಲ್ಲ. ಕುಟ್ಟಪ್ಪನವರು ಕರಡದಲ್ಲಿ ಆಟ ಹೂಡಿದ್ದು ಆ ಒಕ್ಕಕ್ಕಾಗಿಯೇ.

ಇನ್ನೊಂದು ಮಾತನ್ನೂ ಹೇಳಬೇಕು. ಈ ಉತ್ಸವದ ಬಾಗಿಲು ಕೊಡವ ಒಕ್ಕಗಳಿಗೆ ಮಾತ್ರ ತೆರೆದದ್ದು. ಕೊಡಗಿನಲ್ಲಿ ಬೇರೆ ಸಮುದಾಯಗಳೂ ಇವೆ, ಒಳ್ಳೆಯ ಆಟಗಾರರೂ ಇದ್ದಾರೆ. ಅವರು ದೂರುತ್ತ ಕೂರದೆ ತಮ್ಮದೇ ಪಂದ್ಯಾವಳಿ ಕಟ್ಟಿಕೊಂಡರು. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಹಾಗೆ ಬೆಳೆದದ್ದು. ಮನೆತನದ ಹೆಸರಿನಲ್ಲಿ ಆಡುವ ಈ ಪದ್ಧತಿಯನ್ನು ಇಡೀ ಜಿಲ್ಲೆ ತನ್ನದಾಗಿಸಿಕೊಂಡಿದೆ. ಆದ್ದರಿಂದ ಒಕ್ಕದ ಹಾಕಿಯ ವಿಚಾರದಲ್ಲಿ ಏನು ತೀರ್ಮಾನವಾಗುತ್ತದೋ ಅದರ ಪರಿಣಾಮ ಉಳಿದ ಮೈದಾನಗಳಿಗೂ ಮುಟ್ಟುತ್ತದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಹೊರಗಿನ ಹಣ ಎಷ್ಟರವರೆಗೆ, ಯಾವ ಷರತ್ತಿಗೆ ಎಂಬುದನ್ನು ಬರೆದಿಡಬೇಕು. ಕಪ್ಪಿಗೆ ಒಕ್ಕದ ಹೆಸರಲ್ಲದೆ ಬೇರೆ ಹೆಸರು ಕೂಡದು, ಹೆಸರು ನೋಂದಾಯಿಸಿದ ಯಾವ ಒಕ್ಕವನ್ನೂ ತಂಡ ದುರ್ಬಲವೆಂದು ಬಿಡುವಂತಿಲ್ಲ ಎಂಬೆರಡು ಸಾಲು ಅದರಲ್ಲಿ ಇರಲೇಬೇಕು. ಪ್ರತಿ ವರ್ಷದ ಲೆಕ್ಕ ಎಲ್ಲ ಒಕ್ಕಗಳ ಕೈಗೆ ಸಿಗಬೇಕು. ಚಿಕ್ಕ ಒಕ್ಕ ಆತಿಥ್ಯ ವಹಿಸಿದ ವರ್ಷ ದೊಡ್ಡ ಒಕ್ಕಗಳು ಹೆಗಲು ಕೊಡುವ ಒಂದು ನಿಧಿ ಬೇಕು. ಜರ್ಮನಿಯ ಫುಟ್‌ಬಾಲ್ ಕ್ಲಬ್ಬುಗಳು ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರಲ್ಲೇ ಇರಬೇಕೆಂಬ ನಿಯಮವನ್ನು 1998ರಲ್ಲಿ ಮಾಡಿಕೊಂಡದ್ದು, ಹೂಡಿಕೆದಾರರಿಗೆ ಬಾಗಿಲು ತೆರೆಯುವ ಹೊತ್ತಿಗೇ. ಕೊಳ್ಳುವವರು ಹೊಸ್ತಿಲಿಗೆ ಬಂದ ಮೇಲೆ ನಿಯಮ ಬರೆಯಲು ಕುಳಿತರೆ ಕೋಲ್ಕತ್ತದ ಹಾಗೆ ಮನೆಯೊಳಗೇ ಎರಡು ಬಣವಾಗುತ್ತದೆ. ಮುಂದಿನ ಸರದಿಯ ಒಕ್ಕ ಐನ್‌ಮನೆಯಲ್ಲಿ ಸಭೆ ಸೇರುವಾಗ, ಗ್ಯಾಲರಿಯ ಲೆಕ್ಕ ತೆಗೆಯುವ ಮೊದಲು ಈ ವಿಷಯವನ್ನು ಎತ್ತಿಕೊಳ್ಳಲಿ.