ತಾಂಡಾದ ಸೂಜಿ, ಹಳೆ ಬಟ್ಟೆಯ ದುಡಿಮೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಮನೆಗಳಲ್ಲಿ ಸೀರೆ ಹರಿದ ಮೇಲೂ ಅದರ ಕೆಲಸ ಮುಗಿಯುತ್ತಿರಲಿಲ್ಲ. ಉಟ್ಟು ಒಗೆದು ಮೆತ್ತಗಾದ ಸೀರೆ ಮೊದಲು ಕೂಸಿನ ಜೋಲಿಯಾಗುತ್ತಿತ್ತು, ಆಮೇಲೆ ಬಾಣಂತಿಯ ತಲೆಗೆ ಕಟ್ಟುವ ಬಟ್ಟೆಯಾಗುತ್ತಿತ್ತು, ಕಡೆಗೆ ಕೌದಿಯ ಹೊಟ್ಟೆ ಸೇರುತ್ತಿತ್ತು. ಹಳೆ ಸೀರೆ, ಪಂಚೆಗಳನ್ನು ನಾಲ್ಕೈದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತಾ ಸಣ್ಣ ಸಣ್ಣ ಹೊಲಿಗೆ ಹಾಕಿಕೊಂಡು ಬಂದರೆ ಕೌದಿ ಸಿದ್ಧ. ಸುಗ್ಗಿ ಮುಗಿದ ಬಿಡುವಿನಲ್ಲಿ ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರು ಕೂಡಿ ಮಾಡುತ್ತಿದ್ದ ಕೆಲಸ ಇದು. ಕೌದಿಗೂ ಬೇಡವಾದ ಬಟ್ಟೆಯನ್ನು ಪಾತ್ರೆಯವಳು ತೂಗಿ ನೋಡಿ, ಬದಲಿಗೆ ಸ್ಟೀಲಿನ ಡಬ್ಬಿಯನ್ನೋ ತಟ್ಟೆಯನ್ನೋ ಕೊಟ್ಟು ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು.

ಇದೇ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಈ ಉಳಿತಾಯ ಒಂದು ಕಲೆಯೇ ಆಗಿ ಬೆಳೆಯಿತು. ಚಿಂದಿ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ನಡುವೆ ಗಾಜಿನ ಬಿಲ್ಲೆ, ಕವಡೆ, ನಾಣ್ಯ ಇಟ್ಟು ಹೊಲಿದ ಫೇಟಿಯಾ (ಲಂಗ) ಮತ್ತು ಕಾಂಚಳಿ (ರವಿಕೆ) ದೂರದಿಂದಲೇ ಕಣ್ಣಿಗೆ ಹೊಡೆಯುತ್ತವೆ. ತಾಯಿ ಹೊಲಿಯುವುದನ್ನು ಪಕ್ಕದಲ್ಲಿ ಕೂತು ನೋಡಿಯೇ ಮಗಳು ಕಲಿಯುತ್ತಿದ್ದಳು. ಮದುವೆಯ ಹೊತ್ತಿಗೆ ತನ್ನ ಉಡುಪನ್ನು ತಾನೇ ಸಿದ್ಧ ಮಾಡಿಕೊಳ್ಳುತ್ತಿದ್ದಳು.

ಬಂಜಾರರೆಂದೂ ಕರೆಸಿಕೊಳ್ಳುವ ಈ ಲಂಬಾಣಿ ಜನ ಮೊದಲು ಹೊಲ ಉತ್ತವರಲ್ಲ, ಎತ್ತಿನ ಮೇಲೆ ಸರಕು ಹೇರಿದವರು. ಮಲೆನಾಡಿನ ಅಡಿಕೆ ಬಯಲಿಗೆ ಇಳಿದದ್ದು, ಬಯಲಿನ ದವಸ ಮತ್ತು ಕರಾವಳಿಯ ಉಪ್ಪು ಘಟ್ಟದ ಊರುಗಳಿಗೆ ಬಂದದ್ದು ಇಂಥವರ ಹೇರೆತ್ತುಗಳ ಸಾಲಿನಲ್ಲಿ. ಟಿಪ್ಪುವಿನ ವಿರುದ್ಧ 1791-92ರಲ್ಲಿ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ ದವಸಕ್ಕೆ ಬಂಜಾರರನ್ನೇ ನಂಬಿತ್ತು. 1889ರಲ್ಲಿ ರೈಲು ಹರಿಹರ ಮುಟ್ಟಿತು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂತು. ಹೇರೆತ್ತಿನ ಬದುಕು ಅಲ್ಲಿಗೆ ಕುಸಿಯಿತು. ಇತ್ತ ಬ್ರಿಟಿಷರ 1871ರ ಕಾಯ್ದೆ ದೇಶದ ಎಷ್ಟೋ ಅಲೆಮಾರಿ ಸಮುದಾಯಗಳ ಹಣೆಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಿತ್ತು. ಅದು ರದ್ದಾದದ್ದು 1952ರಲ್ಲಿ.

ಕಸುಬು ಹೋಯಿತು, ಕೈಗೆ ಜಮೀನೂ ಬರಲಿಲ್ಲ. ತಾಂಡಾದವರು ಕಾಫಿ ತೋಟಕ್ಕೆ, ಮಂಡ್ಯ ಕಡೆಯ ಕಬ್ಬಿನ ಗದ್ದೆಗೆ ಗುಳೆ ಹೊರಟರು. ವರ್ಷದಲ್ಲಿ ತಿಂಗಳುಗಟ್ಟಲೆ ಮನೆಗೆ ಬೀಗ, ಮಕ್ಕಳ ಶಾಲೆಗೆ ಸೂಟಿ. ಕಬ್ಬು ಕಡಿಯುವ ಕೈಗೆ ಸೂಜಿ ಹಿಡಿಯುವ ಪುರಸೊತ್ತು ಎಲ್ಲಿಯದು? ಅಗ್ಗದ ಮಿಲ್ಲಿನ ಸೀರೆ ತಾಂಡಾಕ್ಕೂ ಬಂತು. ಫೇಟಿಯಾ ಅಜ್ಜಿಯರ ಮೈಮೇಲೆ ಮಾತ್ರ ಉಳಿಯಿತು.

ಹಳೆ ಬಟ್ಟೆಗೂ ಬಡವರ ಕೂಲಿಗೂ ಗಂಟು ಹಾಕಬಹುದೆಂಬುದನ್ನು ಬೇರೆ ಕಡೆಯವರೂ ಕಂಡುಕೊಂಡಿದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ 1902ರಲ್ಲಿ ಪಾದ್ರಿ ಎಡ್ಗರ್ ಹೆಲ್ಮ್ಸ್ ಶ್ರೀಮಂತರ ಮನೆಗಳಿಂದ ಹಳೆ ಬಟ್ಟೆ, ಸಾಮಾನು ಸಂಗ್ರಹಿಸಿ, ಕೆಲಸವಿಲ್ಲದವರಿಂದ ಅದನ್ನು ರಿಪೇರಿ ಮಾಡಿಸಿ ಮಾರಿದರು, ಬಂದ ಹಣದಲ್ಲಿ ಕೂಲಿ ಕೊಟ್ಟರು. ಗುಡ್‌ವಿಲ್ ಸಂಸ್ಥೆ ಬೆಳೆದದ್ದು ಹೀಗೆ. ದೆಹಲಿಯಲ್ಲಿ ಅಂಶು ಗುಪ್ತಾ 1999ರಲ್ಲಿ ಆರಂಭಿಸಿದ ಗೂಂಜ್ ಇನ್ನೊಂದು ದಾರಿ ಹಿಡಿಯಿತು. ಹಳ್ಳಿಯವರು ತಮಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ಸೇರಿ ಮಾಡಿಕೊಂಡರೆ, ಆ ದುಡಿಮೆಗೆ ಪ್ರತಿಯಾಗಿ ನಗರದಿಂದ ಬಂದ ಬಟ್ಟೆ ಸಿಗುತ್ತದೆ. ಬಿಟ್ಟಿ ಪಡೆದೆವೆಂಬ ಮುಜುಗರ ಯಾರಿಗೂ ಇರುವುದಿಲ್ಲ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕರ್ನಾಟಕದಲ್ಲಿ ತಾಂಡಾದ ಹೊಲಿಗೆಯನ್ನೇ ದುಡಿಮೆಯಾಗಿಸಿದ ಕೆಲಸಕ್ಕೆ ಒಳ್ಳೆಯ ಉದಾಹರಣೆ ಸಿಗುವುದು ಗಣಿಗಳ ಊರಾದ ಸಂಡೂರಿನಲ್ಲಿ. ರಾಜಮನೆತನದವರೂ ರಾಜ್ಯದ ಮಂತ್ರಿಯೂ ಆಗಿದ್ದ ಎಂ.ವೈ. ಘೋರ್ಪಡೆ 1980ರ ದಶಕದಲ್ಲಿ ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಅಡಿಪಾಯ ಹಾಕಿದರು. ತಾಂಡಾದ ಹೆಂಗಸರು ತಮಗಾಗಿ ಹೊಲಿಯುತ್ತಿದ್ದುದನ್ನೇ ಚೀಲ, ದಿಂಬಿನ ಚೀಲ, ಮೇಲುಹೊದಿಕೆಗಳ ಮೇಲೆ ಹೊಲಿದು ಸಂಬಳ ಪಡೆಯತೊಡಗಿದರು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ: ಕಿಲನ್, ಮಾಕಿ, ನಾಕ್ರಾ, ಭುರಿಯಾ ಹೀಗೆ. ಕೌದಿಯೂ ಆ ಪಟ್ಟಿಯಲ್ಲಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಈ ಕತೆಯಲ್ಲಿ ಬೇರೆಯೇ ಸ್ಥಾನವಿದೆ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಇಲ್ಲೇ ಎಂದು ಬಂಜಾರರು ನಂಬುತ್ತಾರೆ. ಅವರ ಬಾಯಲ್ಲಿ ಇದು ಭಾಯಾಗಡ್. ಪ್ರತಿ ಫೆಬ್ರವರಿಯ ಜಯಂತಿಗೆ ಮಾಲೆ ಧರಿಸಿದ ಭಕ್ತರು ಹೊರರಾಜ್ಯಗಳಿಂದಲೂ ಬರುತ್ತಾರೆ, ಎಷ್ಟೋ ಜನ ಕಾಲ್ನಡಿಗೆಯಲ್ಲಿ. ಪೆಟ್ಟಿಗೆಯಲ್ಲಿಟ್ಟ ಕಾಂಚಳಿಗಳು ಆ ದಿನಗಳಲ್ಲಿ ಹೊರಗೆ ಬರುತ್ತವೆ, ಕುಣಿತಕ್ಕೆ ಗಾಜಿನ ಬಿಲ್ಲೆಗಳು ಮಿಂಚುತ್ತವೆ.

ಸಮುದಾಯದ ದನಿ ಹೊಲಿಗೆಯಷ್ಟಕ್ಕೇ ನಿಲ್ಲಲಿಲ್ಲ. ತಾಂಡಾ ಕಂದಾಯ ಗ್ರಾಮವಾಗಬೇಕು, ವಾಸದ ಮನೆಗೆ ಹಕ್ಕುಪತ್ರ ಬೇಕು ಎಂಬ ಬೇಡಿಕೆ ಹಳೆಯದು. ಹಕ್ಕುಪತ್ರವಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡದು. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಹುಟ್ಟಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.

ಮನೆಯ ಹಕ್ಕು ಸಿಕ್ಕರೂ ಆ ಮನೆಯಲ್ಲಿ ವರ್ಷವಿಡೀ ಇರಬೇಕಾದರೆ ಊರಲ್ಲೇ ದುಡಿಮೆ ಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಕೌದಿ ಬಲ್ಲ ಅಜ್ಜಿಯರಿದ್ದಾರೆ, ಕಾಂಚಳಿ ಹೊಲಿಯುವ ತಾಯಂದಿರಿದ್ದಾರೆ. ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯೂ ಪಕ್ಕದಲ್ಲೇ ಇದೆ. ಸಂಡೂರಿನಲ್ಲಿ ಹೆಂಗಸರಿಗೆ ಸೂಜಿ ಹಿಡಿಯುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಬಟ್ಟೆ ಒದಗಿಸಿ, ಕೂಲಿ ಕಟ್ಟಿ, ಸರಕನ್ನು ಪೇಟೆಗೆ ಮುಟ್ಟಿಸುವ ಕೆಲಸವನ್ನು ಒಂದು ಸಂಸ್ಥೆ ಹೊತ್ತುಕೊಂಡಿತು. ಸೂರಗೊಂಡನಕೊಪ್ಪದ ಸುತ್ತಲಿನ ತಾಂಡಾಗಳ ಸೂಜಿಗೂ ವರ್ಷವಿಡೀ ಅಂಥದೇ ಬೆಂಬಲ ಸಿಗಬೇಕು. ಕಬ್ಬಿನ ಗದ್ದೆಗೆ ಗುಳೆ ಹೋಗುವ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ಮಕ್ಕಳ ಶಾಲೆ ಬಿಡಿಸದೆ ಊರಲ್ಲೇ ಉಳಿಯಲು ಅದರಿಂದ ಸಾಧ್ಯವಾಗುತ್ತದೆ.