ಮೋಡವಿಲ್ಲದ ಆಕಾಶ, ಜನರಿಲ್ಲದ ತೀರ

ಮುಗಿಲು ಕವಿದ ಕಡಲತೀರ, ಬಂಡೆಗಳ ನಡುವೆ ಒಂದು ಡೇರೆ, ಮುಕ್ಕಾಲಿಯ ಮೇಲೆ ಕ್ಯಾಮೆರಾ, ಅದರ ಹಿಂದೆ ಒಬ್ಬನೇ ಮನುಷ್ಯ. ಪ್ರಕೃತಿಯನ್ನು ಅರಸಿ ಹೊರಟ ಛಾಯಾಗ್ರಾಹಕನನ್ನು ನಾವು ಇಂದು ಕಲ್ಪಿಸಿಕೊಳ್ಳುವುದು ಹೀಗೆ. ಈ ಕಲ್ಪನೆ ಎಷ್ಟು ಸಹಜವಾಗಿದೆಯೆಂದರೆ ಇದಕ್ಕೂ ಒಂದು ಇತಿಹಾಸವಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಮೋಡಗಳನ್ನು ಕಡಲಿನೊಡನೆ ಒಂದೇ ಚಿತ್ರದಲ್ಲಿ ಹಿಡಿಯುವುದು ಬಹು ಕಷ್ಟವಾಗಿತ್ತು. ದೊಡ್ಡ ಕ್ಯಾಮೆರಾ ಹೊತ್ತು ಒಬ್ಬನೇ ದೂರದ ತೀರಕ್ಕೆ ಹೋಗುವುದು ಇನ್ನೂ ಕಷ್ಟವಾಗಿತ್ತು. ಚಿತ್ರದಲ್ಲಿ ನಿರ್ಜನವಾಗಿ ಕಾಣುವ ಆ ತೀರವಂತೂ ಹಲವೆಡೆ ನಿರ್ಜನವಾಗಿರಲೇ ಇಲ್ಲ.

ಮೊದಲು ಮೋಡದ ಮಾತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಮುಂದೆ ಸುಮಾರು ಮೂರು ದಶಕ ಛಾಯಾಗ್ರಹಣವನ್ನು ಆಳಿತು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ಇನ್ನೂ ಹಸಿಯಾಗಿರುವಾಗಲೇ ಕ್ಯಾಮೆರಾದೊಳಗಿಟ್ಟು ಬೆಳಕಿಗೆ ಒಡ್ಡಬೇಕು. ಒಣಗುವ ಮೊದಲೇ ಹೊರತೆಗೆದು ಸಂಸ್ಕರಿಸಬೇಕು. ಇದಕ್ಕೆಲ್ಲ ಸಿಗುತ್ತಿದ್ದ ಸಮಯ ಕೆಲವೇ ನಿಮಿಷ. ಈ ಲೇಪಕ್ಕೆ ಇನ್ನೊಂದು ದೋಷವಿತ್ತು. ಅದಕ್ಕೆ ನೀಲಿ ಬೆಳಕು ಅತಿಯಾಗಿ ನಾಟುತ್ತಿತ್ತು. ಹಸಿರು ತುಸುವೇ ನಾಟುತ್ತಿತ್ತು, ಕೆಂಪು ನಾಟುತ್ತಲೇ ಇರಲಿಲ್ಲ. ಬಂಡೆ, ಮರ, ನೀರು ಸರಿಯಾಗಿ ಮೂಡುವಷ್ಟು ಹೊತ್ತು ಕಾದರೆ ಆಕಾಶ ಮಿತಿಮೀರಿ ಬೆಳಗಿ ಬರಿಯ ಬಿಳಿಹಾಳೆಯಾಗುತ್ತಿತ್ತು. ಆಕಾಶಕ್ಕೆ ಹೊಂದುವಂತೆ ಬೇಗ ಮುಚ್ಚಿದರೆ ನೆಲ ಕತ್ತಲಲ್ಲಿ ಮುಳುಗುತ್ತಿತ್ತು. ಆ ಕಾಲದ ಎಷ್ಟೋ ನಿಸರ್ಗಚಿತ್ರಗಳ ಆಕಾಶ ಖಾಲಿಯಾಗಿರುವುದು ಇದರಿಂದಲೇ. ಅಂದು ಆಕಾಶದಲ್ಲಿ ಮೋಡವಿತ್ತೋ ಇಲ್ಲವೋ ಎಂಬುದನ್ನು ಅಂಥ ಚಿತ್ರ ಹೇಳಲಾರದು.

ಈ ತೊಡಕಿಗೆ ಚತುರ ಪರಿಹಾರ ಕಂಡುಕೊಂಡವರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಮುಖ್ಯನು. 1856ರಿಂದ 1858ರವರೆಗೆ ನಾರ್ಮಂಡಿಯ ತೀರದಲ್ಲಿಯೂ ಮೆಡಿಟರೇನಿಯನ್ ಕಡಲಿನ ಸೆತ್ ಎಂಬ ಬಂದರಿನಲ್ಲಿಯೂ ಅವನು ತೆಗೆದ ಕಡಲಿನ ಚಿತ್ರಗಳು ಲಂಡನ್ ಮತ್ತು ಪ್ಯಾರಿಸ್ಸಿನ ನೋಡುಗರನ್ನು ಬೆರಗುಗೊಳಿಸಿದವು. ಒಡೆಯುತ್ತಿರುವ ಅಲೆ ನಿಂತಲ್ಲೇ ನಿಂತಿದೆ. ಮೇಲೆ ಗಾಢವಾದ ಮೋಡಗಳು ತುಂಬಿಕೊಂಡಿವೆ. 1857ರ ‘ದೊಡ್ಡ ಅಲೆ’ ಎಂಬ ಪ್ರಸಿದ್ಧ ಚಿತ್ರದ ಗುಟ್ಟು ಅದರ ದಿಗಂತದಲ್ಲಿದೆ. ಕಡಲಿಗೊಂದು ನೆಗೆಟಿವ್, ಮೋಡಕ್ಕೊಂದು ನೆಗೆಟಿವ್ ತೆಗೆದು, ನೀರು ಮುಗಿದು ಆಕಾಶ ತೊಡಗುವ ಗೆರೆಯಲ್ಲಿ ಎರಡನ್ನೂ ಸೇರಿಸಿ ಅವನು ಮುದ್ರಿಸಿದನು. ಒಂದೇ ಮೋಡವನ್ನು ಬೇರೆ ಬೇರೆ ಕಡಲುಗಳ ಮೇಲೆ ಕೂರಿಸಿದ್ದೂ ಉಂಟು. ಒಂದು ದಿನದ ಮುಗಿಲು ಇನ್ನೊಂದು ದಿನದ ಅಲೆಯ ಮೇಲೆ ಹೀಗೆ ಬಂದು ನಿಂತಿತು. ಇದನ್ನು ಮೋಸವೆಂದು ಕರೆಯಲು ನಮಗೆ ಮನಸ್ಸಾಗದು. ಕಣ್ಣು ಒಂದೇ ನೋಟದಲ್ಲಿ ಕಂಡದ್ದನ್ನು ಯಂತ್ರ ಎರಡು ಸಲ ಕಾಣಬೇಕಾಗಿತ್ತು, ಅಷ್ಟೆ. ಆದರೆ ‘ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ’ ಎಂಬ ನಂಬಿಕೆ ಎಷ್ಟು ಹಿಂದಿನಿಂದಲೇ ಅರ್ಧಸತ್ಯವಾಗಿತ್ತು ಎಂಬುದಕ್ಕೆ ಆ ದಿಗಂತರೇಖೆ ಸಾಕ್ಷಿಯಾಗಿದೆ.

ಇನ್ನು ಡೇರೆಯ ಮಾತು. ಹಸಿ ಫಲಕವನ್ನು ಅಲ್ಲಲ್ಲೇ ಸಿದ್ಧಪಡಿಸಬೇಕಾಗಿದ್ದುದರಿಂದ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಕೋಣೆಯೂ ಹೋಗಬೇಕಾಗಿತ್ತು. ಆ ಕಾಲದ ಡೇರೆ ಮೊದಲಿಗೆ ಇದ್ದದ್ದು ಬೆಳಕನ್ನು ಹೊರಗಿಡುವುದಕ್ಕೆ. ಮಲಗುವುದಕ್ಕೆ ಬೇಕಾದದ್ದು ಆಮೇಲಿನ ಮಾತು. ಗಾಜಿನ ಫಲಕಗಳ ಪೆಟ್ಟಿಗೆ, ರಾಸಾಯನಿಕಗಳ ಸೀಸೆ, ತೊಳೆಯಲು ಸಿಹಿನೀರು, ಮರದ ಕ್ಯಾಮೆರಾ ಎಲ್ಲವನ್ನೂ ಹೊರಲು ಹೇಸರಗತ್ತೆಯೋ ಗಾಡಿಯೋ ಬೇಕು, ಆಳುಗಳು ಬೇಕು. ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಯೊಸೆಮಿಟಿ ಕಣಿವೆಗೆ ಒಯ್ದ ಕ್ಯಾಮೆರಾ 18 ಅಂಗುಲ ಅಗಲ, 22 ಅಂಗುಲ ಉದ್ದದ ಗಾಜನ್ನು ಬಳಸುವಂಥದು. ಅವನ ಚಿತ್ರಗಳಲ್ಲಿ ಅಪಾರ ಏಕಾಂತವಿದೆ. ಆ ಏಕಾಂತವನ್ನು ಹೊತ್ತು ತಂದ ಪ್ರಾಣಿಗಳೂ ಜನರೂ ಚೌಕಟ್ಟಿನ ಆಚೆಗೆ ನಿಂತಿದ್ದರು.

ವಾಟ್ಕಿನ್ಸ್ 1863ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ, ಪೆಸಿಫಿಕ್ ಸಾಗರದ ಮೆಂಡೊಸಿನೊ ತೀರಕ್ಕೆ ಹೋದನು. ಕಾವಳ ಮುಸುಕುವ, ಕಡಿದಾದ ಬಂಡೆಗಳ, ಹಡಗುಗಳು ಅಂಜುವ ಕರಾವಳಿ ಅದು. ಅಲ್ಲಿ ಅವನು ತೆಗೆದ ಚಿತ್ರಗಳಲ್ಲಿ ಕಡಲು ನೊರೆನೊರೆಯಾದ ಹೊಗೆಯಂತೆ ಕಾಣುತ್ತದೆ. ಮೇಲಿನ ಆಕಾಶ ಖಾಲಿ. ನೋಡಿದೊಡನೆ ಇದು ಮನುಷ್ಯನ ಕಾಲು ತಾಗದ ನೆಲ ಎನ್ನಿಸಬಹುದು. ಆದರೆ ಅವನನ್ನು ಅಲ್ಲಿಗೆ ಕರೆದೊಯ್ದದ್ದು ಮರದ ವ್ಯಾಪಾರ. ಬಿಗ್ ರಿವರ್ ಎಂಬ ನದಿಯ ಅಳಿವೆಯಲ್ಲಿ 1852ರಿಂದಲೇ ಮರ ಕೊಯ್ಯುವ ಗಿರಣಿ ನಡೆಯುತ್ತಿತ್ತು. ಬೆಳೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹಲಗೆ ಒದಗಿಸಲು ರೆಡ್‌ವುಡ್ ಮರಗಳು ಅಲ್ಲಿ ಉರುಳುತ್ತಿದ್ದವು.

ಈ ಗಿರಣಿಯ ಹುಟ್ಟಿನ ಕಥೆ ಮುಂಬಯಿಯಲ್ಲಿರುವ ನಮ್ಮಂಥವರಿಗೆ ಅಚ್ಚರಿ ತರುವಂಥದು. ‘ಫ್ರಾಲಿಕ್’ ಎಂಬ ಹಡಗನ್ನು 1844ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕಟ್ಟಿದ್ದು ಮುಂಬಯಿಯಿಂದ ಚೀನಕ್ಕೆ ಅಫೀಮು ಸಾಗಿಸುವುದಕ್ಕಾಗಿ. ಮಾಳವದ ಹೊಲಗಳ ಅಫೀಮು ಮುಂಬಯಿ ಬಂದರಿಗೆ ಬಂದು ಇಂಥ ವೇಗದ ಹಡಗುಗಳನ್ನೇರುತ್ತಿತ್ತು. ಉಗಿಹಡಗುಗಳು ಬಂದು ಆ ವ್ಯಾಪಾರದಲ್ಲಿ ಹಾಯಿಹಡಗುಗಳ ಲಾಭ ಇಳಿದಾಗ, ಚಿನ್ನದ ಹುಚ್ಚಿಗೆ ಬಿದ್ದಿದ್ದ ಕ್ಯಾಲಿಫೋರ್ನಿಯಾಕ್ಕೆ ಚೀನದ ಪಿಂಗಾಣಿ, ರೇಷ್ಮೆ ಮುಂತಾದ ಸರಕು ತುಂಬಿಕೊಂಡು ಫ್ರಾಲಿಕ್ ಹೊರಟಿತು. 1850ರ ಜುಲೈಯಲ್ಲಿ ಮೆಂಡೊಸಿನೊ ತೀರದ ಬಂಡೆಗೆ ಬಡಿದು ಒಡೆಯಿತು. ಆ ಸರಕನ್ನು ಎತ್ತಿ ತರಲು ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೋದ ತಂಡಕ್ಕೆ ಸರಕು ಸಿಗಲಿಲ್ಲ, ರೆಡ್‌ವುಡ್ ಕಾಡು ಸಿಕ್ಕಿತು. ಗಿರಣಿ ಬಂದದ್ದು ಹೀಗೆ.

ಹಾಗಾದರೆ ಸರಕು ಎಲ್ಲಿ ಹೋಗಿತ್ತು? ಆ ತೀರದಲ್ಲಿ ತಲೆಮಾರುಗಳಿಂದ ಬಾಳಿದ್ದ ಪೋಮೋ ಜನರು ಅದನ್ನು ಆಗಲೇ ಕೊಂಡೊಯ್ದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಪುರಾತತ್ತ್ವಜ್ಞರು ಒಳನಾಡಿನ ಹಳ್ಳಿಯೊಂದರ ನೆಲೆಯನ್ನು ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ಅವುಗಳಲ್ಲಿ ಕೆಲವನ್ನು ಮಣಿಗಳಾಗಿ ತಿದ್ದಲಾಗಿತ್ತು. ಅದರ ಜಾಡು ಹಿಡಿದೇ ಮುಳುಗಿದ ಹಡಗಿನ ಕಥೆ ಹೊರಬಂದಿತು. ಗಿರಣಿ ತಲೆಯೆತ್ತಿದ ಕೆಲವೇ ವರ್ಷಗಳಲ್ಲಿ, 1856ರಲ್ಲಿ, ಸರಕಾರ ಅದೇ ತೀರದಲ್ಲಿ ಮೂಲನಿವಾಸಿಗಳಿಗೆಂದು ಮೀಸಲು ಪ್ರದೇಶವೊಂದನ್ನು ಗುರುತಿಸಿತು. ಮರುವರ್ಷ ಅದರ ಕಾವಲಿಗೆ ಕೋಟೆ ಬಂತು. ವಾಟ್ಕಿನ್ಸ್ ಕ್ಯಾಮೆರಾ ಹೊತ್ತು ಹೋದಾಗ ಆ ಮೀಸಲು ಇನ್ನೂ ಇತ್ತು. ಹತ್ತು ವರ್ಷ ತುಂಬಿದಾಗ ಅದನ್ನೂ ಮುಚ್ಚಲಾಯಿತು.

ವಾಟ್ಕಿನ್ಸನ ಮೆಂಡೊಸಿನೊ ಚಿತ್ರಗಳಲ್ಲೊಂದರ ಶೀರ್ಷಿಕೆ ಹೀಗಿದೆ: ‘ರಾಂಚೆರಿಯಿಂದ ಕಂಡ ಮೆಂಡೊಸಿನೊ ನದಿ’. ರಾಂಚೆರಿ ಎಂದರೆ ಅಂದಿನ ಕ್ಯಾಲಿಫೋರ್ನಿಯಾದ ಆಡುಮಾತಿನಲ್ಲಿ ಮೂಲನಿವಾಸಿಗಳ ಕೇರಿ. ಶೀರ್ಷಿಕೆಯನ್ನು ನಂಬುವುದಾದರೆ ಆ ಭಾರವಾದ ಮುಕ್ಕಾಲಿ ನಿಂತದ್ದು ಆ ಜನರ ಕೇರಿಯಲ್ಲಿ. ಅದು ಮುಖ ಮಾಡಿದ್ದು ನದಿಯ ಕಡೆಗೆ. ಮೋಡ ಚಿತ್ರದಲ್ಲಿ ಇಲ್ಲದಿರುವುದಕ್ಕೆ ರಸಾಯನ ಕಾರಣ. ಕೇರಿ ಶೀರ್ಷಿಕೆಯಲ್ಲಷ್ಟೇ ಉಳಿದದ್ದಕ್ಕೆ ರಸಾಯನವನ್ನು ದೂರುವಂತಿಲ್ಲ. ಕ್ಯಾಮೆರಾ ಯಾವ ಕಡೆ ತಿರುಗಬೇಕೆಂಬುದನ್ನು ಮನುಷ್ಯ ತೀರ್ಮಾನಿಸಿದನು. ಎರಡೂ ಕೊರತೆಗಳು ನೋಡುವವನಿಗೆ ಒಂದೇ ರೀತಿ ಕಾಣುತ್ತವೆ. ಇತಿಹಾಸ ಓದುವವನು ಅವೆರಡನ್ನೂ ಬೇರೆ ಬೇರೆಯಾಗಿ ಓದಬೇಕಾಗುತ್ತದೆ.

ರಸಾಯನದ ಕೊರತೆ ಮುಂದೆ ತೀರಿತು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಸೂಚಿಸಿದ ಜೆಲಟಿನ್ ಒಣಫಲಕಗಳು ಆ ದಶಕದ ಕೊನೆಗೆ ಅಂಗಡಿಗೆ ಬಂದು, ಕತ್ತಲೆ ಡೇರೆಯನ್ನು ಅನವಶ್ಯಕವಾಗಿಸಿದವು. 1873ರಲ್ಲಿ ಹರ್ಮನ್ ಫೋಗೆಲ್, ಬಣ್ಣ ಬೆರೆಸಿದರೆ ಲೇಪಕ್ಕೆ ಹಸಿರು ಬೆಳಕೂ ನಾಟುತ್ತದೆ ಎಂದು ಕಂಡನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರಾಟಕ್ಕೆ ಬಂದವು. ಕ್ಯಾಮೆರಾದ ಮುಂದೆ ಹಳದಿ ಗಾಜೊಂದನ್ನಿಟ್ಟರೆ ನೀಲಿ ತಗ್ಗಿ ಮೋಡಗಳು ಎದ್ದು ಕಂಡವು. ಒಬ್ಬನೇ ಮನುಷ್ಯ ಮುಗಿಲು ಕವಿದ ತೀರದಲ್ಲಿ ತಂಗಿ ಚಿತ್ರ ತೆಗೆಯುವುದು ಈಗ ಸುಲಭವಾಯಿತು.

ಆದರೆ ಇನ್ನೊಂದು ಕೊರತೆ ತೀರಲಿಲ್ಲ. 1929ರಿಂದ ಎಡ್ವರ್ಡ್ ವೆಸ್ಟನ್ ಅದೇ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್ ಎಂಬ ಕಡಲಂಚಿನಲ್ಲಿ ಬಂಡೆ, ಕಡಲಪಾಚಿ, ಸೈಪ್ರಸ್ ಮರಗಳ ಬೇರುಗಳನ್ನು ಚಿತ್ರಿಸತೊಡಗಿದನು. ಅನಾದಿಕಾಲದಿಂದ ಹಾಗೆಯೇ ಇದ್ದಂತೆ ತೋರುವ ಆ ಅಪೂರ್ವ ಚಿತ್ರಗಳ ತೀರದಲ್ಲಿ ಚೀನೀ ಬೆಸ್ತರ ಮನೆಗಳಿದ್ದವು, ಪೋರ್ಚುಗೀಸರ ತಿಮಿಂಗಿಲ ಬೇಟೆಯ ನೆಲೆಯಿತ್ತು, ಜಪಾನೀ ಮುಳುಗುಗಾರರು ಕಡಲಚಿಪ್ಪು ತೆಗೆದು ಡಬ್ಬಿ ತುಂಬುವ ಕಾರ್ಖಾನೆ ನಡೆಸಿದ್ದರು. 1942ರಲ್ಲಿ ಆ ಕರಾವಳಿಯ ಜಪಾನೀ ಮೂಲದವರೆಲ್ಲರನ್ನೂ ಶಿಬಿರಗಳಿಗೆ ಸಾಗಿಸಲಾಯಿತು. 1958ರಲ್ಲಿ ತೀರಿಕೊಂಡ ವೆಸ್ಟನ್ನನ ಚಿತಾಭಸ್ಮವನ್ನು ಅಲ್ಲಿಯೇ ಚೆಲ್ಲಿದರು. ಅಲ್ಲಿನ ಒಂದು ತೀರಕ್ಕೆ ಇಂದು ಅವನ ಹೆಸರೇ ಇದೆ. ಅವನ ಕಲೆಗೆ ಆ ಗೌರವ ಸಲ್ಲತಕ್ಕದ್ದೇ. ಚಿತ್ರಕ್ಕೆ ಇರುವ ಬಲವೂ ಅದೇ: ಅದು ಒಂದು ತೀರಕ್ಕೆ ಹೆಸರನ್ನೂ ಕೊಡಬಲ್ಲದು.

ಈ ಬಲದ ಅರಿವು ನಮ್ಮ ಕರಾವಳಿಯಲ್ಲಿಯೂ ಬೇಕಾಗಿದೆ. ಜೂನ್ ಬಂತೆಂದರೆ ಕೊಂಕಣದ ತೀರದ, ಉತ್ತರ ಕನ್ನಡ ಮತ್ತು ಉಡುಪಿಯ ಕಡಲಂಚಿನ ಕಪ್ಪು ಮೋಡಗಳ ಚಿತ್ರಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಕಡಲು ಖಾಲಿ, ಮರಳು ಖಾಲಿ. ‘ಯಾರೂ ಇಲ್ಲದ ತೀರ’ ಎಂಬ ಒಕ್ಕಣೆಯನ್ನೂ ಕೆಳಗೆ ಬರೆದಿರುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನಿನ ಸಂತಾನ ಬೆಳೆಯಲೆಂದು ಇರುವ ನಿಷೇಧವಿದು. ದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ, ಜನ ಬಲೆ ಹೆಣೆಯುತ್ತಾರೆ, ಕಡಲು ತುಸು ತಣ್ಣಗಾದ ದಿನ ನಾಡದೋಣಿಗಳು ದಡದ ಸಮೀಪ ಇಳಿಯುತ್ತವೆ. ಮಳೆಗಾಲದ ಖಾಲಿ ಕಡಲು ಒಂದು ಜನಸಮುದಾಯ ದುಡಿಮೆಯನ್ನು ತಡೆದು ಕಾಯುತ್ತಿರುವ ಕಡಲು.

ಮೋಡಗಳನ್ನು ಹಿಡಿಯುವುದಕ್ಕೆ ಈಗ ಎರಡು ನೆಗೆಟಿವ್ ಬೇಕಿಲ್ಲ, ಗಾಡಿ ತುಂಬ ಸಾಮಾನೂ ಬೇಕಿಲ್ಲ. ಒಬ್ಬರೇ ಹೋಗಿ ಡೇರೆ ಹಾಕಿ ಕಡಲನ್ನು ನೋಡುತ್ತ ಕೂರುವ ಸುಖವನ್ನು ಯಾರೂ ಬಿಡಬೇಕಾಗಿಲ್ಲ. ಚಿತ್ರ ತೆಗೆದಾದ ಮೇಲೆ ಅದರ ಕೆಳಗೆ ಎರಡು ಸಾಲು ಬರೆಯುವಾಗ, ಮುಕ್ಕಾಲಿ ನಿಂತದ್ದು ಯಾರ ಕೇರಿಯಲ್ಲಿ ಎಂಬುದನ್ನು ನಾವು ಸೇರಿಸಬಹುದು. ವಾಟ್ಕಿನ್ಸನ ಆ ಶೀರ್ಷಿಕೆ ಅಷ್ಟನ್ನಾದರೂ ಉಳಿಸಿಕೊಟ್ಟಿದೆ.